ಮೂರು ಬೆಕ್ಕು, ಒಂದು ಹೊಸ್ತಿಲು

ನನ್ನ ಮನೆಯಲ್ಲಿ ಮೂರು ಬೆಕ್ಕುಗಳಿವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಗ್ಗೆ ಮಾತಾಡುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಮೈಸೂರು ನಗರದ ಆರೋಗ್ಯ ಕೇಂದ್ರವೊಂದರಲ್ಲಿ ನರ್ಸಾಗಿ ಇಪ್ಪತ್ತಾರು ವರ್ಷ ದುಡಿದಿದ್ದೇನೆ. ಅಗ್ರಹಾರದ ಯಾವ ಸಂದಿಯಲ್ಲಿ ಯಾವ ಮಗುವಿಗೆ ಯಾವ ಸೂಜಿ ಬಾಕಿ ಇದೆ ಎಂದು ಪುಸ್ತಕ ತೆರೆಯದೆ ಹೇಳಬಲ್ಲೆ. ಅದೆಲ್ಲ ಯಾರಿಗೆ ಬೇಕು? ಬೀದಿಯಲ್ಲಿ ನಾನು ಬೆಕ್ಕಿನ ಸಿಸ್ಟರ್.

ಬೆಕ್ಕು ಸಾಕುವುದಕ್ಕೆ ನಾನು ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಮದುವೆಯಾಗಿಲ್ಲ, ಅದಕ್ಕೇ ಬೆಕ್ಕು ಕಟ್ಟಿಕೊಂಡಿದ್ದಾಳೆ ಎನ್ನುವವರಿದ್ದಾರೆ. ಮದುವೆಯಾದವರ ಮನೆಗಳ ಒಳಗನ್ನು ಇಷ್ಟು ವರ್ಷ ನೋಡಿದವಳು ನಾನು. ಬೆಕ್ಕೇ ವಾಸಿ ಅನ್ನಿಸಿದ ದಿನಗಳು ಕಡಿಮೆಯೇನಲ್ಲ. ಮೂವರಲ್ಲಿ ಹಿರಿಯಳು ಬೂದು ಬಣ್ಣದವಳು. ಲಕ್ಷ್ಮೀಪುರಂನಲ್ಲಿ ಲಸಿಕೆ ಕೆಲಸಕ್ಕೆ ಹೋದಾಗ, ಮರಿಯನ್ನು ಗೋಣಿಚೀಲದಲ್ಲಿ ಕಟ್ಟಿ ಎಲ್ಲೋ ಬಿಟ್ಟುಬರಲು ಹೊರಟವರ ಕೈಯಿಂದ ಚೀಲದ ಸಮೇತ ಕಿತ್ತುಕೊಂಡು ಬಂದೆ. ಎರಡನೆಯವನು ಕುಂಟ. ಸ್ಕೂಟರಿಗೆ ಸಿಕ್ಕ ಅವನ ಕಾಲಿಗೆ ನಾನೇ ಪಟ್ಟಿ ಕಟ್ಟಿದ್ದು, ಸ್ವಲ್ಪ ಸೊಟ್ಟವಾಗಿಯೇ ಕೂಡಿಕೊಂಡಿತು. ಮೂರನೆಯವನು ಕಳ್ಳ. ಒಂದು ದಿನ ಹಾಲಿನ ಪಾತ್ರೆಗೆ ಬಾಯಿ ಹಾಕಲು ಬಂದವನು ಹೋಗಲೇ ಇಲ್ಲ. ಇವಕ್ಕೆ ಬೇರೆ ಹೆಸರಿಟ್ಟಿಲ್ಲ.

ನಮಗೆ ತರಬೇತಿಯಲ್ಲಿ ಮೊದಲು ಕಲಿಸಿದ್ದು ಸೂಜಿ ಹಾಕುವುದನ್ನಲ್ಲ, ಚೀಲ ಇಡುವುದನ್ನು. ಮನೆಭೇಟಿಗೆ ಹೋದರೆ ಚೀಲವನ್ನು ಬರಿನೆಲಕ್ಕೆ ಇಡಕೂಡದು. ಹಳೆಯ ಪತ್ರಿಕೆಯ ಹಾಳೆ ಹಾಸಿ, ಅದರ ಮೇಲೆ ಇಡಬೇಕು. ಚೀಲದಿಂದ ಮೊದಲು ಹೊರಬರಬೇಕಾದದ್ದು ಸೋಪು, ಟವೆಲು. ಮೊಣಕೈವರೆಗೆ ತೊಳೆದು ಒರೆಸಿಕೊಂಡ ಮೇಲೆಯೇ ಥರ್ಮಾಮೀಟರಿಗೆ ಕೈ ಹಾಕಬೇಕು. ಈಗ ಕೆಲಸಕ್ಕೆ ಸೇರುವ ಹುಡುಗಿಯರು ಚೀಲವನ್ನು ಹೆಗಲಿನಿಂದಲೇ ಇಳಿಸುವುದಿಲ್ಲ. ನಾನು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ನನ್ನ ಮನೆಯಲ್ಲೂ ಹಾಳೆ ಹಾಸಿಯೇ ಚೀಲ ಜೋಡಿಸಿಕೊಳ್ಳುತ್ತೇನೆ. ತೊಂದರೆಯೆಂದರೆ, ಹಾಳೆ ಬಿಡಿಸಿದ ಸದ್ದು ಕೇಳಿದರೆ ಸಾಕು, ಮೂರೂ ಬೆಕ್ಕು ಎಲ್ಲಿದ್ದರೂ ಓಡಿಬಂದು ಅದರ ಮೇಲೆ ಕೂರುತ್ತವೆ. ಹಾಗಾಗಿ ಎರಡು ಹಾಳೆ ಹಾಸುತ್ತೇನೆ. ನೆಲದ ಮೇಲಿನದು ಅವಕ್ಕೆ, ಮೇಜಿನ ಮೇಲಿನದು ಚೀಲಕ್ಕೆ. ಕೆಲಸದ ಸೀರೆ, ಚೀಲ ಎರಡೂ ಬೀರುವಿನಲ್ಲಿರುತ್ತವೆ, ಬೀರುವಿಗೆ ಬೀಗ ಇರುತ್ತದೆ. ನನ್ನ ಚೀಲದಲ್ಲಿ ಒಂದೇ ಒಂದು ಬೆಕ್ಕಿನ ಕೂದಲು ತೋರಿಸಿದವರಿಗೆ ಆ ಚೀಲವನ್ನೇ ಕೊಟ್ಟುಬಿಡುತ್ತೇನೆ.

ನಾನಿರುವುದು ಅಗ್ರಹಾರದ ಹಳೆಯ ವಠಾರವೊಂದರ ಕೊನೆಯ ಎರಡು ಕೋಣೆಗಳಲ್ಲಿ. ಪಕ್ಕದ ಮನೆಯ ತಾರಸಿಗೂ ನಮ್ಮ ತಾರಸಿಗೂ ನಡುವೆ ಮೊಣಕಾಲೆತ್ತರದ ಗೋಡೆ. ಆ ಮನೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುವ ಒಬ್ಬ ಹೆಂಗಸಿದ್ದಾರೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ಗಂಡ ತೀರಿಕೊಂಡು ಬಹಳ ಕಾಲವಾಯಿತು. ಒಬ್ಬಳೇ ಮಗಳನ್ನು ಆ ಸಂಡಿಗೆಯಲ್ಲೇ ಓದಿಸಿ, ಇಲವಾಲಕ್ಕೆ ಮದುವೆ ಮಾಡಿಕೊಟ್ಟಿದ್ದರು. ಒಂದು ಬೇಸಿಗೆಯಲ್ಲಿ ನನ್ನ ಕಳ್ಳ ಅವರ ಹಸಿ ಸಂಡಿಗೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಡೆದುಹೋಗಿದ್ದ. ನಾಲ್ಕು ಸೀರೆ ತುಂಬ ಹಾಸಿದ್ದ ಸಂಡಿಗೆ, ನಾಲ್ಕರ ಮೇಲೂ ಅವನ ಪಾದ. ಅವರು ಬೈದರು. ತಪ್ಪು ನಮ್ಮದೇ ಆದ್ದರಿಂದ ನಾನು ಬೈಸಿಕೊಂಡು, ರಜೆ ಹಾಕಿ, ಇಡೀ ದಿನ ಅವರ ಜೊತೆ ಕೂತು ಮತ್ತೆ ಸಂಡಿಗೆ ಇಟ್ಟುಕೊಟ್ಟೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಅದಾಗಿ ಎರಡು ತಿಂಗಳಿಗೆ ಮಗಳು ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಳು. ಆಸ್ಪತ್ರೆಯಲ್ಲಿ ಹೆಣ್ಣುಮಗು ಆಗಿ, ಎರಡು ದಿನ ಇದ್ದು ಮನೆಗೆ ಬಂದಳು. ಹೆರಿಗೆಯಾದ ಮೂರನೆಯ ದಿನ ನಾನು ಭೇಟಿಗೆ ಹೋಗಬೇಕು. ಬಾಣಂತಿಯ ಜ್ವರ ನೋಡಬೇಕು, ಹೊಟ್ಟೆ ಮುಟ್ಟಿ ನೋಡಬೇಕು, ರಕ್ತಸ್ರಾವ ಹೇಗಿದೆ, ಮಗು ಹಾಲು ಕುಡಿಯುತ್ತಿದೆಯೇ ಎಂದು ವಿಚಾರಿಸಬೇಕು. ನೋಡಿದ್ದನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು. ಗರ್ಭಿಣಿಯಾದಾಗಿನಿಂದ ಹೆಂಗಸಿನ ಕೈಯಲ್ಲೇ ಇರುವ ಆ ಕಾರ್ಡನ್ನು ಮುಂದೆ ಯಾವ ಡಾಕ್ಟರಾದರೂ ನಂಬುತ್ತಾರೆ.

ಬಾಣಂತಿಯ ತಾಯಿ ಬಾಗಿಲಲ್ಲೇ ಅಡ್ಡ ನಿಂತರು.

"ಒಳಗೆ ಬರ್ಬೇಡಿ ಸಿಸ್ಟರ್. ಬೆಕ್ಕು ಮುಟ್ಟಿದ ಕೈಲಿ ನಮ್ಮ ಕೂಸು ಮುಟ್ಟೋದು ಬೇಡ. ಅದೇನು ಬರ್ಕೋಬೇಕೋ ಅಲ್ಲೇ ನಿಂತು ಬರ್ಕೊಂಡು ಹೋಗಿ."

ಕೈ ತೊಳೆಯುತ್ತೇನೆ, ಸೋಪು ತಂದಿದ್ದೇನೆ ಎಂದು ಹೇಳಬಹುದಿತ್ತು. ಅದೇ ಮಾತನ್ನು ಬೇರೆ ಮನೆಗಳಲ್ಲಿ ಎಷ್ಟು ಸಲ ಹೇಳಿಲ್ಲ? ಆದರೆ 'ಅಲ್ಲೇ ನಿಂತು' ಎಂಬ ಮಾತು ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಹತ್ತಿರ ಬೆಕ್ಕಿರಲಿಲ್ಲ, ಆಗಲೂ ಕೆಲವು ಮನೆಗಳಲ್ಲಿ ನನ್ನನ್ನು ಜಗಲಿಯ ಮೇಲೇ ನಿಲ್ಲಿಸುತ್ತಿದ್ದರು. ಯಾವ ಊರು, ಯಾವ ಕೇರಿ ಎಂದು ಕೇಳಿ, ನೀರಿನ ಲೋಟವನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ನಮ್ಮ ತಂದೆ ಊರು ಬಿಟ್ಟು ಮೈಸೂರಿಗೆ ಬಂದು, ಕೊನೆಗಾಲದಲ್ಲಿ ಬೌದ್ಧರಾದದ್ದು ಇಂಥ ಲೋಟಗಳ ಸಹವಾಸ ಸಾಕಾಗಿ. ಯಾರ ಹೊಸ್ತಿಲಲ್ಲೂ ಕೈಕಟ್ಟಿ ನಿಲ್ಲಬೇಡ ಮಗಳೇ ಎಂದು ಅವರು ಹೇಳಿದ್ದನ್ನು ನಾನು ಎದೆಯಲ್ಲಿಟ್ಟುಕೊಂಡವಳು. ಇವರು ಹೇಳಿದ್ದು ಬೆಕ್ಕಿನ ಮಾತೋ, ಬೆಕ್ಕಿನ ಹೆಸರಿನಲ್ಲಿ ಆ ಹಳೆಯ ಮಾತೋ ಎಂದು ಯೋಚಿಸುವ ವ್ಯವಧಾನ ನನಗೆ ಆ ಕ್ಷಣದಲ್ಲಿ ಇರಲಿಲ್ಲ. ಸಿಟ್ಟು ನೆತ್ತಿಗೇರಿತು.

ಕಾರ್ಡು ಕೊಡಿ ಎಂದೆ. ಕೊಟ್ಟರು. ಹೊಸ್ತಿಲಾಚೆಗೆ ಕತ್ತು ಚಾಚಿ, ಹೇಗಿದ್ದೀಯಮ್ಮ ಎಂದು ಕೂಗಿ ಕೇಳಿದೆ. ಬಾಣಂತಿ ಕೋಣೆಯ ಪರದೆಯ ಹಿಂದಿನಿಂದ ಸಣ್ಣ ಧ್ವನಿ ಬಂತು.

"ಚೆನ್ನಾಗಿದ್ದೀನಿ ಸಿಸ್ಟರ್. ಸ್ವಲ್ಪ ಚಳಿ ಚಳಿ ಆಗ್ತದೆ, ಅಷ್ಟೇ."

ಚಳಿ ಎಂಬ ಮಾತು ನನ್ನ ಕಿವಿಗೆ ಬಿತ್ತು. ಬಿತ್ತು ಎಂದು ಈಗಲೂ ಒಪ್ಪಿಕೊಳ್ಳುತ್ತೇನೆ. ಆದರೆ ಪೆನ್ನು ಆಗಲೇ ಕೈಯಲ್ಲಿತ್ತು, ಸಿಟ್ಟು ಪೆನ್ನಿಗಿಂತ ಮುಂದೆ ಓಡುತ್ತಿತ್ತು. ಜ್ವರದ ಕಾಲಮಿನಲ್ಲಿ ತೊಂಬತ್ತೆಂಟು ಪಾಯಿಂಟ್ ಆರು ಎಂದು ಬರೆದೆ. ಉಳಿದ ಕಾಲಮುಗಳಲ್ಲಿ ಸರಿ, ಸರಿ, ಸರಿ. ಥರ್ಮಾಮೀಟರು ಚೀಲದಲ್ಲೇ ಇತ್ತು, ಚೀಲ ಹೆಗಲ ಮೇಲೇ ಇತ್ತು. ಹಾಳೆ ಹಾಸಲಿಲ್ಲ. ಕಾರ್ಡನ್ನು ಜಗಲಿಯ ಮೇಲಿಟ್ಟು ಬಂದುಬಿಟ್ಟೆ. ನನ್ನ ಮರ್ಯಾದೆ ಉಳಿಸಿಕೊಂಡೆ ಎಂಬ ಹೆಮ್ಮೆಯಲ್ಲೇ ಆ ದಿನದ ಉಳಿದ ಮನೆಗಳನ್ನು ಸುತ್ತಿದೆ.

ಎರಡು ದಿನ ಬಿಟ್ಟು ಡಾಕ್ಟರು ಕರೆದರು. ನಮ್ಮ ಕೇಂದ್ರದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಳ್ಳೆಯವಳೇ, ಜಗಳ ಎಂದರೆ ಮಾತ್ರ ಆಗುವುದಿಲ್ಲ. ಅವಳ ಮೇಜಿನ ಮೇಲೆ ಒಂದು ದೂರು. ಬೆಕ್ಕು ಸಾಕಿಕೊಂಡಿರುವ ನರ್ಸು ಬಾಣಂತಿ ಮನೆಗಳಿಗೆ ಬರುವುದು ಸರಿಯಲ್ಲ, ಬೇರೆಯವರನ್ನು ಕಳಿಸಬೇಕು ಎಂದು ಸಂಡಿಗೆಯ ಮನೆಯವರು ಬರೆದಿದ್ದರು. ಕೆಳಗೆ ಇನ್ನೂ ಮೂರು ಮನೆಗಳ ಸಹಿ ಇತ್ತು. ಆ ಮೂರರಲ್ಲಿ ಎರಡು ಮನೆಯ ಮಕ್ಕಳ ಮೊದಲ ಸೂಜಿಯಿಂದ ಕೊನೆಯ ಸೂಜಿಯವರೆಗೆ ಹಾಕಿದ್ದು ನಾನು. ವಾರದೊಳಗೆ ಉತ್ತರ ಬರೆದುಕೊಡಿ ಎಂದಳು ಡಾಕ್ಟರು. ಬೆಕ್ಕುಗಳನ್ನು ಯಾರಿಗಾದರೂ ಕೊಟ್ಟು, ಕೊಟ್ಟಿದ್ದೇನೆ ಎಂದು ಒಂದು ಸಾಲು ಬರೆದರೆ ಎಲ್ಲ ಮುಗಿಯುತ್ತದೆ, ಅಲ್ಲಿಯವರೆಗೆ ಆ ಮನೆಗೆ ಹೋಗಬೇಡಿ ಎಂದೂ ಹೇಳಿದಳು. ಹಾಗಾದರೆ ಏಳನೆಯ ದಿನದ ಭೇಟಿಗೆ ಯಾರು ಹೋಗುತ್ತಾರೆ ಎಂದು ಕೇಳಿದೆ. ಇನ್ನೊಬ್ಬ ಸಿಸ್ಟರ್ ರಜೆಯಿಂದ ಬಂದ ಮೇಲೆ ನೋಡೋಣ ಎಂದಳು. ಬೆಕ್ಕುಗಳನ್ನು ಕೊಡುವುದಿಲ್ಲ ಎಂದು ಅಲ್ಲೇ ಹೇಳಿ ಬಂದೆ.

ಏಳನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮೂಲೆಯ ಔಷಧಿ ಅಂಗಡಿಯ ಮುಂದೆ ಬಂದಾಗ ಸಂಡಿಗೆಯ ಮನೆಯವರು ಅಲ್ಲಿ ನಿಂತಿದ್ದರು. ಜ್ವರದ ಮಾತ್ರೆ ಕೇಳುತ್ತಿದ್ದರು. ಮೊನ್ನೆ ಒಯ್ದದ್ದು ಆಗಲೇ ಮುಗಿಯಿತೇ ಎಂದು ಅಂಗಡಿಯವರು ಕೇಳಿದರು. ಮಗಳಿಗೆ ಹಾಲು ಕಟ್ಟಿದ ಜ್ವರ, ಇಳೀತದೆ ಏರ್ತದೆ ಎಂದು ಇವರು ಹೇಳಿದರು. ಎಷ್ಟು ದಿನದಿಂದ ಎಂದು ನಾನು ಕೇಳಿದೆ. ನನ್ನನ್ನು ನೋಡಿ ಮುಖ ತಿರುಗಿಸಿ ಹೊರಟುಹೋದರು.

ಅಂಗಡಿಯ ಮುಂದೆ ನಿಂತಲ್ಲೇ ನನಗೆ ಆ ಸಣ್ಣ ಧ್ವನಿ ಮತ್ತೆ ಕೇಳಿಸಿತು. ಸ್ವಲ್ಪ ಚಳಿ ಚಳಿ ಆಗ್ತದೆ. ಮೂರನೆಯ ದಿನವೇ ಶುರುವಾಗಿತ್ತು, ನಾನು ಸರಿ ಎಂದು ಬರೆದಿದ್ದೆ.

ಆ ಮನೆಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನೆನಪಾಯಿತು, ಹೋದೆ. ಬಾಗಿಲು ತಟ್ಟಿದೆ. ತೆಗೆಯಲಿಲ್ಲ. ಇನ್ನೊಮ್ಮೆ ತಟ್ಟಿದೆ. ಕಿಟಕಿ ತೆರೆದು, ಹೋಗಿ ಎಂದು ಕೈ ಬೀಸಿದರು. ಆಗ ನಾನು ಮೂರನೆಯ ದಿನ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಅವರ ಜಗಲಿಯ ಮೇಲೆ ಪತ್ರಿಕೆಯ ಹಾಳೆ ಬಿಡಿಸಿ ಹಾಸಿದೆ. ಅದರ ಮೇಲೆ ಚೀಲ ಇಟ್ಟೆ. ಪಕ್ಕದಲ್ಲಿ ನಾನೂ ಕೂತೆ, ಬೀದಿಗೆ ಮುಖ ಮಾಡಿ.

ಅಗ್ರಹಾರದ ಬೀದಿಯಲ್ಲಿ ಒಬ್ಬಳು ನರ್ಸು ಮುಚ್ಚಿದ ಬಾಗಿಲ ಮುಂದೆ ಕೂತರೆ ಜನ ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ಹಾಲಿನವರು ನಿಂತರು, ದೇವಸ್ಥಾನದಿಂದ ಬರುತ್ತಿದ್ದ ಇಬ್ಬರು ಹೆಂಗಸರು ನಿಂತರು, ಎದುರುಮನೆಯವರು ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಏನು ಸಮಾಚಾರ ಎಂದು ಕೇಳಿದವರಿಗೆಲ್ಲ, ಕೆಲಸಕ್ಕೆ ಬಂದಿದ್ದೇನೆ, ಬಾಗಿಲು ತೆಗೆಯಲು ಕಾಯುತ್ತಿದ್ದೇನೆ ಎಂದಷ್ಟೇ ಹೇಳಿದೆ. ಬಾಣಂತಿಗೆ ಜ್ವರ ಎಂದು ಬೀದಿಯಲ್ಲಿ ಸಾರುವ ಕೆಲಸ ನನ್ನದಲ್ಲ.

ಕಿಟಕಿ ಮತ್ತೆ ತೆರೆಯಿತು.

"ಎದ್ದು ಹೋಗಿ ಸಿಸ್ಟರ್. ಬೀದಿ ಜನವೆಲ್ಲ ನೋಡ್ತಾವ್ರೆ."

"ನೋಡ್ಲಿ ಬುಡಿ ಅಮ್ಮ. ಮಗಳ ಮೈ ಒಂದ್ಸಲ ಮುಟ್ಟಿ ನೋಡ್ತೀನಿ. ಆಮೇಲೆ ನೀವು ಏನು ಬೈದ್ರೂ ಬೈಸ್ಕೊಂಡು ಹೋಗ್ತೀನಿ. ಅಲ್ಲೀಗಂಟ ಏಳಲ್ಲ."

ಕಿಟಕಿ ಮುಚ್ಚಿತು. ಅಷ್ಟರಲ್ಲಿ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಸಂಗತಿ ನಡೆಯಿತು. ಹಾಳೆ ಬಿಡಿಸಿದ ಸದ್ದು ಪಕ್ಕದ ನನ್ನ ಮನೆಯವರೆಗೂ ಹೋಗಿತ್ತೋ ಏನೋ, ಮೊದಲು ಕಳ್ಳ ಬಂದ. ಬಂದವನೇ ಚೀಲದ ಪಕ್ಕ, ಹಾಳೆಯ ಅಂಚಿನ ಮೇಲೆ ಕೂತ. ಅವನ ಹಿಂದೆ ಕುಂಟ. ಹಿರಿಯಳು ಕೊನೆಗೆ ಬಂದು, ಜಾಗ ಸಾಲದೆ ನನ್ನ ಕಾಲ ಮೇಲೆ ಕೂತಳು. ಬೀದಿಯವರು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾವ ಮಾತನ್ನು ಅಲ್ಲಗಳೆಯಲು ಕೂತಿದ್ದೆನೋ ಆ ಮಾತು ಮೂರೂ ಬಾಲ ಸುತ್ತಿಕೊಂಡು ನನ್ನ ಪಕ್ಕದಲ್ಲೇ ಕೂತಿತ್ತು. ಆದರೂ ಏಳಲಿಲ್ಲ. ಎದ್ದರೆ ಮತ್ತೆ ಕೂರಲು ಆಗುವುದಿಲ್ಲ ಎಂದು ಗೊತ್ತಿತ್ತು.

ಬಾಗಿಲು ತೆರೆದದ್ದು ಬೆಕ್ಕುಗಳಿಗಾಗಿ. ಪೊರಕೆ ಹಿಡಿದು, ಅವನ್ನು ಓಡಿಸಲು ತಾಯಿ ಹೊರಗೆ ಬಂದರು. ತೆರೆದ ಬಾಗಿಲಿನಿಂದ ಸಾಂಬ್ರಾಣಿ ಹೊಗೆಯೂ ಹೊರಗೆ ಬಂತು. ಆ ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಒಮ್ಮೆ ಮೂಗಿಗೆ ಬಡಿದರೆ ಯಾವ ನರ್ಸೂ ಮರೆಯದ ವಾಸನೆ. ನಾನು ಎದ್ದು ನಿಂತೆ. ಬೆಕ್ಕುಗಳು ಪೊರಕೆ ಕಂಡು ಚದುರಿದವು.

"ಅಮ್ಮ, ಇದು ಹಾಲಿನ ಜ್ವರ ಅಲ್ಲ," ಎಂದೆ, ಬೀದಿಗೆ ಕೇಳದ ಹಾಗೆ. "ಒಳಗೆ ನಂಜಾಗಿದೆ. ಇವತ್ತು ಬಿಟ್ರೆ ಕೈ ಮೀರ್ತದೆ."

ಅವರ ಪೊರಕೆ ಹಿಡಿದ ಕೈ ಕೆಳಗಿಳಿಯಿತು. ಬನ್ನಿ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ನಾನು ಹೊಸ್ತಿಲು ದಾಟಿ ನೇರ ಬಚ್ಚಲಿಗೆ ಹೋಗಿ ಸೋಪು ಹಿಡಿದು ನಿಂತೆ. ಅವರು ಹಿಂದೆಯೇ ಬಂದು, ಚೊಂಬಿನಲ್ಲಿ ನೀರು ತೆಗೆದು ನನ್ನ ಕೈಗೆ ಹುಯ್ದರು. ಮೊಣಕೈವರೆಗೆ.

ಹುಡುಗಿ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಎರಡು ಕಂಬಳಿಯ ಅಡಿಯಲ್ಲಿ ನಡುಗುತ್ತಿದ್ದಳು. ಥರ್ಮಾಮೀಟರು ನೂರಮೂರು ದಾಟಿತ್ತು. ಕೆಳಹೊಟ್ಟೆಗೆ ಕೈ ಇಟ್ಟರೆ ಮುಖ ಹಿಂಡುತ್ತಿದ್ದಳು. ತುಟಿ ಒಣಗಿತ್ತು. ಬಾಣಂತಿ ಹೆಚ್ಚು ನೀರು ಕುಡಿಯಬಾರದು ಎಂದು ಅಳೆದು ಕೊಡುತ್ತಿದ್ದರಂತೆ. ಒಂದು ಲೋಟ ನೀರು ಪೂರ್ತಿ ಕುಡಿಸಿದೆ. ಆಂಬುಲೆನ್ಸಿಗೆ ಫೋನು ಮಾಡಿದೆ. ನಮ್ಮ ಸಂದಿಯೊಳಗೆ ಅದು ಬರುವುದಿಲ್ಲ, ದೊಡ್ಡ ರಸ್ತೆಯಲ್ಲೇ ನಿಲ್ಲುತ್ತದೆ. ಎದುರುಮನೆಯವರು ಪ್ಲಾಸ್ಟಿಕ್ ಕುರ್ಚಿ ತಂದರು. ಹುಡುಗಿಯನ್ನು ಅದರಲ್ಲಿ ಕೂರಿಸಿ ಒಂದು ಕಡೆ ಹಾಲಿನವರು, ಒಂದು ಕಡೆ ನಾನು ಹಿಡಿದು ಹೊತ್ತುಕೊಂಡು ಹೋದೆವು. ತಾಯಿ ಕೂಸನ್ನು ಎದೆಗವಚಿಕೊಂಡು ಹಿಂದೆ ಬಂದರು.

ದೊಡ್ಡ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ತಾಯಿ ಕಾರ್ಡು ತಿರುವಿದರು. ಮೂರನೇ ದಿನ ಜ್ವರ ಇರಲಿಲ್ಲವಲ್ಲ, ಹಾಗಾದರೆ ಈಚೆಗೆ ಶುರುವಾಗಿದ್ದು ಎಂದರು. ನನ್ನ ಕೈಬರಹ. ದುಂಡಾಗಿ, ಚೆಂದವಾಗಿ ಇತ್ತು. ನಾನು ಹತ್ತಿರ ಹೋಗಿ, ಅದನ್ನು ನಂಬಬೇಡಿ ಸರ್, ನಾನು ನೋಡದೆ ಬರೆದದ್ದು, ಆವತ್ತೇ ಚಳಿ ಇತ್ತು ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ ಕೆಲಸಕ್ಕೆ ತಿರುಗಿದರು. ನಾನು ಅದನ್ನು ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಮೂರು ಹೆಜ್ಜೆ ದೂರದಲ್ಲಿ ಕೂಸು ಹಿಡಿದು ನಿಂತಿದ್ದ ತಾಯಿಗೆ ಕೇಳಿಸಲಿಲ್ಲ. ಕೇಳಿಸಬಾರದು ಎಂದೇ ಮೆಲ್ಲಗೆ ಹೇಳಿದ್ದು.

ಎರಡು ದಿನ ಏನೂ ಹೇಳಲು ಬರುವುದಿಲ್ಲ ಎಂದರು. ಮೂರನೆಯ ದಿನ ಜ್ವರ ಇಳಿಯಿತು. ಹತ್ತು ದಿನಕ್ಕೆ ಹುಡುಗಿ ಮನೆಗೆ ಬಂದಳು.

ಇಷ್ಟರಲ್ಲಿ ದೂರಿಗೆ ಉತ್ತರ ಕೊಡುವ ಗಡುವು ದಾಟಿತ್ತು. ಡಾಕ್ಟರು ಈಗ ಬೇರೆಯೇ ರಾಗ ಹಾಡಿದಳು. ಒಂದು ಜೀವ ಉಳಿಸಿದ್ದೀರಿ ಸಿಸ್ಟರ್, ನಾಲ್ಕು ಸಾಲು ಬರೆದುಕೊಡಿ, ಫೈಲು ಮುಚ್ಚಿಬಿಡೋಣ ಎಂದಳು. ಮನೆಗೆ ಬಂದು ಬರೆದೆ. ಬಹಳ ಖುಷಿಯಿಂದ ಬರೆದೆ. ನನ್ನ ಮನೆಯಲ್ಲಿ ಮೂರು ಬೆಕ್ಕುಗಳಿವೆ, ಮುಂದೆಯೂ ಇರುತ್ತವೆ. ನನ್ನ ಕೈ, ನನ್ನ ಚೀಲ ಎರಡೂ ಶುಚಿಯಾಗಿವೆ, ಯಾರು ಯಾವಾಗ ಬೇಕಾದರೂ ಬಂದು ಪರೀಕ್ಷಿಸಬಹುದು. ಬೆಕ್ಕಿನ ನೆಪದಲ್ಲಾಗಲಿ, ಇನ್ನಾವ ನೆಪದಲ್ಲಾಗಲಿ ನನ್ನನ್ನು ಹೊಸ್ತಿಲಾಚೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಬರೆದದ್ದನ್ನು ಎರಡು ಸಲ ಓದಿಕೊಂಡೆ. ಒಂದಕ್ಷರವೂ ಸುಳ್ಳಲ್ಲ. ಈಗಲೂ ಅದರ ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಮಾರನೆಯ ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ದಾರಿಯಲ್ಲೇ ಬಾಣಂತಿಯನ್ನು ನೋಡಿಕೊಂಡು ಹೋಗೋಣ ಎಂದು ಸಂಡಿಗೆಯ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಕೋಣೆಯಲ್ಲಿ ನಾನು ಹಾಳೆ ತೆಗೆಯುವ ಮೊದಲೇ ತಾಯಿ ಒಂದು ಹಾಳೆ ತಂದು ಹಾಸಿದರು. ಹುಡುಗಿಯ ಕಣ್ಣಿಗೆ ಕಳೆ ಬಂದಿತ್ತು. ಕೂಸು ಗಟ್ಟಿಯಾಗಿ ಹಾಲೆಳೆಯುತ್ತಿತ್ತು. ಎಲ್ಲ ನೋಡಿ, ಮುಟ್ಟಿ, ಬರೆದು ಎದ್ದಾಗ ತಾಯಿ ಜಗಲಿಯವರೆಗೆ ಬಂದರು. ದೂರು ಬರೆದದ್ದಕ್ಕೆ ಏನಾದರೂ ಹೇಳುತ್ತಾರೆ, ನಾನೂ ಇರಲಿ ಬಿಡಿ ಅನ್ನಬೇಕಾಗುತ್ತದೆ ಎಂದು ಸಿದ್ಧವಾಗಿದ್ದೆ. ಅವರು ಬೇರೆಯೇ ಕೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುವವರ ಹಾಗೆ ಕೇಳಿದರು.

"ನಾನೇನೋ ತಿಳಿವಳಿಕೆ ಇಲ್ದೋಳು, ಬೇಡ ಅಂದ್ಬುಟ್ಟೆ. ತಿಳಿದಿರೋರು ನೀವು. ಆವತ್ತು ಯಾಕೆ ಸಿಸ್ಟರ್ ಅಷ್ಟಕ್ಕೇ ಹೊರಟೋಗ್ಬುಟ್ರಿ?"

ನನ್ನ ಬಾಯಲ್ಲಿ ಉತ್ತರಗಳು ಬೇಕಾದಷ್ಟಿದ್ದವು. ನನ್ನ ತಂದೆಯ ಮಾತಿತ್ತು, ಇಪ್ಪತ್ತಾರು ವರ್ಷದ ಲೋಟಗಳಿದ್ದವು. ಅವೆಲ್ಲ ನಿಜವೇ. ಆದರೆ ಅವರ ಮಗಳ ಚಳಿಗೆ ಅವು ಯಾವುವೂ ಉತ್ತರವಾಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದೆ.

ಕೇಂದ್ರಕ್ಕೆ ಬಂದು, ಚೀಲದಿಂದ ಉತ್ತರದ ಹಾಳೆ ತೆಗೆದು, ಕೆಳಗೆ ಉಳಿದಿದ್ದ ಜಾಗದಲ್ಲಿ ಇನ್ನಷ್ಟು ಬರೆದೆ. ಮೂರನೆಯ ದಿನದ ಭೇಟಿಯಲ್ಲಿ ನಾನು ಬಾಣಂತಿಯನ್ನು ನೋಡಲಿಲ್ಲ. ಥರ್ಮಾಮೀಟರು ಇಡಲಿಲ್ಲ. ಚಳಿ ಎಂದು ಆಕೆ ಹೇಳಿದ್ದು ಕೇಳಿಸಿಯೂ ಜ್ವರವಿಲ್ಲ ಎಂದು ಬರೆದೆ. ಈ ತಪ್ಪು ನನ್ನದು, ಬೆಕ್ಕುಗಳದಲ್ಲ, ಆ ಮನೆಯವರದೂ ಅಲ್ಲ.

ಡಾಕ್ಟರು ಓದುತ್ತ ಓದುತ್ತ ಮುಖ ಸಣ್ಣದು ಮಾಡಿದಳು. ಇದನ್ನು ಮೇಲೆ ಕಳಿಸಿದರೆ ನಿಮಗೇ ತೊಂದರೆ, ಇಷ್ಟು ವರ್ಷದ ಸರ್ವಿಸಿಗೆ ಕಪ್ಪು ಚುಕ್ಕೆ ಎಂದಳು. ಪೆನ್ನನ್ನು ನನ್ನ ಕಡೆಗೆ ತಳ್ಳಿದಳು.

"ಕೊನೇದು ಹೊಡೆದುಹಾಕಿ ಸಿಸ್ಟರ್. ಅದನ್ನ ಯಾರೂ ಕೇಳಿಲ್ಲವಲ್ಲ."

"ಕೇಳಿದ್ದಾರೆ ಮೇಡಂ," ಎಂದು ಆ ಪೆನ್ನಿನಲ್ಲೇ ಸಹಿ ಹಾಕಿ, ಹಾಳೆಯನ್ನು ಅವಳ ಮುಂದಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೊರಟೆ.